ಎರಡು ಹಳೇ ಸೈಕಲ್ಲುಗಳ ವಿಮರ್ಶೆ

ಈ ಪತ್ರಿಕೆಗೆ ನಾನು ಈವರೆಗೆ ಬರೆದದ್ದೆಲ್ಲ ಪುಸ್ತಕಗಳ ಬಗ್ಗೆ. ಈ ಸಲ ಎರಡು ಸೈಕಲ್ಲುಗಳ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ಪ್ರಬಂಧದ ವಿಭಾಗಕ್ಕೆ ಹಾಕಬೇಕೋ ವಿಮರ್ಶೆಯ ವಿಭಾಗಕ್ಕೋ ಎಂದು ಸಂಪಾದಕ ಮಿತ್ರರು ಕೇಳಿದರು. ವಿಮರ್ಶೆಗೇ ಹಾಕಿ ಎಂದೆ. ಪುಸ್ತಕವನ್ನು ತಪ್ಪಾಗಿ ಆರಿಸಿದರೆ ಒಂದು ಭಾನುವಾರ ಹಾಳಾಗುತ್ತದೆ. ಸೈಕಲ್ಲನ್ನು ತಪ್ಪಾಗಿ ಆರಿಸಿದರೆ ದಿನಾ ಬೆಳಿಗ್ಗೆ ಆರೂವರೆಗೆ ಲಾರಿಗಳ ನಡುವೆ ಅದರ ಫಲ ಉಣ್ಣಬೇಕು. ಹಾಗಾಗಿ ಪುಸ್ತಕಕ್ಕಿಂತ ಹೆಚ್ಚು ಎಚ್ಚರದಿಂದ ಓದಿದ್ದೇನೆ ಎಂದೇ ಹೇಳಬಹುದು.

ಮೊದಲು ಸಂದರ್ಭ. ನಾನಿರುವುದು ಹೈದರಾಬಾದಿನ ಉತ್ತರದ ಅಂಚಿನ ಚಿಂತಲ್‌ನಲ್ಲಿ. ಕೆಲಸ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ಮನೆಯಿಂದ ಗೇಟಿಗೆ ಸುಮಾರು ನಾಲ್ಕು ಕಿಲೋಮೀಟರ್. ಔಷಧಿ, ರಸಾಯನ, ಪ್ಲಾಸ್ಟಿಕ್, ಕಬ್ಬಿಣದ ಎರಕ, ಎಲ್ಲದರ ಕಾರ್ಖಾನೆಗಳೂ ಇಲ್ಲಿವೆ. ಮಳೆ ಬರುವ ಮುಂಚಿನ ಸಂಜೆಗಳಲ್ಲಿ ಗಾಳಿಯ ವಾಸನೆ ಹಿಡಿದೇ ಯಾವ ರಸ್ತೆಯಲ್ಲಿದ್ದೇನೆಂದು ಹೇಳಬಲ್ಲೆ. ಹದಿನೆಂಟು ವರ್ಷ ಆ ನಾಲ್ಕು ಕಿಲೋಮೀಟರನ್ನು ಮೋಟಾರ್ ಸೈಕಲ್ಲಿನಲ್ಲಿ ಓಡಾಡಿದೆ. ಕಳೆದ ಜೂನ್‌ನಲ್ಲಿ ಮಗಳ ಕಾಲೇಜಿನ ಫೀಸು ಕಟ್ಟಬೇಕಾಗಿ ಬಂದು ಗಾಡಿ ಮಾರಿದೆ. ನಾಲ್ಕು ತಿಂಗಳು ಷೇರ್ ಆಟೋದ ಅಂಚಿನಲ್ಲಿ ಅರ್ಧ ಕೂತು ಅರ್ಧ ನೇತಾಡಿದ ಮೇಲೆ, ಸೈಕಲ್ಲೇ ಸರಿ ಎಂದು ತೀರ್ಮಾನಿಸಿದೆ.

ಆದರೆ ಗೆಳೆಯರ ಹತ್ತಿರ ಹಾಗೆ ಹೇಳಲಿಲ್ಲ. ‘ಒಂದು ವಿಂಟೇಜ್ ಸೈಕಲ್ ಹುಡುಕುತ್ತಿದ್ದೇನೆ’ ಎಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೇ ಬರುತ್ತೇನೆ.

ಹುಡುಕಿದಾಗ ಎರಡು ಸಿಕ್ಕವು. ಮೊದಲನೆಯದು ಬೊಲಾರಂನ ಒಂದು ಹಳೆಯ ಬಂಗಲೆಯ ವರಾಂಡದಲ್ಲಿತ್ತು. ರ್ಯಾಲೆ ಸೈಕಲ್ಲು, 26 ಇಂಚಿನ ಚಕ್ರ, ಕೇಬಲ್ ಬ್ರೇಕು, ಹಿಂದಿನ ಹಬ್ಬಿನೊಳಗೆ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರು. ಕಡು ಹಸಿರು ಬಣ್ಣ. ಮುಂದಿನ ಬಿಲ್ಲೆಯ ಮೇಲೆ ಕೊಕ್ಕರೆಯ ತಲೆ. ಪೆಡಲ್ಲಿನ ಹಲ್ಲುಚಕ್ರದಲ್ಲೂ ಮೂರು ಕೊಕ್ಕರೆಗಳನ್ನು ಕತ್ತರಿಸಿ ಬಿಡಿಸಿದ್ದಾರೆ. ಮನೆಯ ವೃದ್ಧೆ ಅದನ್ನು ತಮ್ಮ ಯಜಮಾನರ ಕಾಲದಿಂದ ಒರೆಸಿ ಇಟ್ಟವರು. ಬೆಲೆ ಒಂಬತ್ತು ಸಾವಿರ.

ಎರಡನೆಯದು ನಮ್ಮ ಚಿಂತಲ್‌ನಲ್ಲೇ, ಮೂರು ಬೀದಿ ಆಚೆ ಇತ್ತು. ಹರ್ಕ್ಯುಲಿಸ್, 28 ಇಂಚಿನ ಚಕ್ರ, ರಾಡ್ ಬ್ರೇಕು, ಕಪ್ಪು ಬಣ್ಣ, ದೊಡ್ಡ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡು. ನಮ್ಮ ಅಪ್ಪಂದಿರ ಸೈಕಲ್ಲು ಎಂದರೆ ಕಣ್ಣ ಮುಂದೆ ಬರುತ್ತದಲ್ಲ, ಅದೇ. ಅದರ ಮಾಲೀಕರು ತುಮಕೂರು ಕಡೆಯವರು. ಜಾಲಹಳ್ಳಿಯ ಎಚ್.ಎಂ.ಟಿ.ಯಲ್ಲಿ ಕೆಲಸ ಕಲಿತು, ಇಲ್ಲಿನ ಎಚ್.ಎಂ.ಟಿ. ಕಾರ್ಖಾನೆಗೆ ವರ್ಗವಾಗಿ ಬಂದವರು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆ 1965ರಲ್ಲಿ ಹೈದರಾಬಾದಿನಲ್ಲಿ ಘಟಕ ತೆರೆದಾಗಿನಿಂದ ಈ ಭಾಗಕ್ಕೆ ಅಂಥ ಕನ್ನಡದ ಕುಟುಂಬಗಳು ಹಲವು ಬಂದಿವೆ. ಯಜಮಾನರು ಈಗ ಮಗಳ ಮನೆಗೆಂದು ಬೆಂಗಳೂರಿಗೆ ಹೊರಟಿದ್ದರು. ಬೆಲೆ ಎರಡೂವರೆ ಸಾವಿರ ಎಂದರು. ಜೊತೆಗೆ ಒಂದು ಷರತ್ತು.

‘ಗೋಡೆಗೆ ನೇತುಹಾಕೋರು ಇಬ್ಬರು ಬಂದಿದ್ರು ಕಣ್ರೀ. ಯಾವುದೋ ಕಾಫಿ ಹೋಟ್ಲಿಗಂತೆ. ಐದು ಸಾವಿರ ಕೊಡ್ತೀವಿ ಅಂದ್ರು. ಕೊಡಲಿಲ್ಲ. ನೀವು ತುಳೀತೀರಾದ್ರೆ ತಗೊಂಡೋಗಿ.’

ಇಬ್ಬರೂ ಒಂದೊಂದು ವಾರ ಓಡಿಸಿ ನೋಡಲು ಒಪ್ಪಿದರು. ಮನೆಯಲ್ಲಿ ಬೆಲೆ ಹೇಳಿದಾಗ ಹೆಂಡತಿ ಸಾರಿನ ಸೌಟು ಕೈಯಲ್ಲೇ ಹಿಡಿದು ಒಂದು ಗಳಿಗೆ ನಿಂತಳು. ‘ಬೈಕ್ ಮಾರಿ ಫೀಸ್ ಕಟ್ಟೀವಿ. ಈಗ ಸೈಕಲ್ಲಿಗಿ ಒಂಬತ್ತು ಸಾವಿರ ಅಂದ್ರ ಏನ್ರಿ ಇದು?’ ಎಂದಳು. ನನ್ನ ಹತ್ತಿರ ಉತ್ತರ ಇತ್ತು. ಕಲೆ, ಕುಶಲತೆ, ಇತಿಹಾಸ ಎಂದೆಲ್ಲ ಹೇಳಿದೆ. ಅವಳು ಬೀದರ್ ಕಡೆಯವಳು, ಕೇಳಿಸಿಕೊಂಡಳು, ನಂಬಲಿಲ್ಲ.

ಆ ಇತಿಹಾಸವನ್ನು ಇಲ್ಲಿಯೂ ಸ್ವಲ್ಪ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ತಪ್ಪು ಓದಿನ ಬೀಜವಿದೆ. ರ್ಯಾಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನದು, 1880ರ ದಶಕದಲ್ಲಿ ಶುರುವಾದದ್ದು. ರ್ಯಾಲೆ ಎಂಬ ಬೀದಿಯ ಸಣ್ಣ ಕಾರ್ಖಾನೆಯಿಂದ ಆ ಹೆಸರು. ಹರ್ಕ್ಯುಲಿಸ್ 1910ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿತು; ಕೆಲಸಕ್ಕೆ ಹೋಗುವವರ ಕೈಗೆಟುಕುವ ಬೆಲೆಯ ಸೈಕಲ್ಲನ್ನು ರಾಶಿ ರಾಶಿಯಾಗಿ ಮಾಡುವುದು ಅದರ ದಾರಿ. ಭಾರತಕ್ಕೆ ಎರಡೂ ಬಂದವು. ಹರ್ಕ್ಯುಲಿಸ್ಸನ್ನು ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ತಯಾರಿಸಿತು. ರ್ಯಾಲೆಯನ್ನು ಬಂಗಾಳದ ಅಸನ್ಸೋಲಿನಲ್ಲಿ ಸೇನ್-ರ್ಯಾಲೆ ಕಂಪನಿ ತಯಾರಿಸಿತು. ಅದು 1980ರಲ್ಲಿ ರಾಷ್ಟ್ರೀಕರಣವಾಗಿ ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಆಯಿತು, ಆಮೇಲೆ ಮುಚ್ಚಿಹೋಯಿತು. ಹರ್ಕ್ಯುಲಿಸ್ ಇವತ್ತಿಗೂ ಅಂಗಡಿಯಲ್ಲಿದೆ.

ಇದನ್ನೆಲ್ಲ ಓದಿಕೊಂಡು ನಾನು ಕಟ್ಟಿಕೊಂಡ ಚಿತ್ರ ಸರಳವಾಗಿತ್ತು: ರ್ಯಾಲೆ ಸಾಹೇಬರ ಸೈಕಲ್ಲು, ಹರ್ಕ್ಯುಲಿಸ್ ಜವಾನರ ಸೈಕಲ್ಲು. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಹರ್ಕ್ಯುಲಿಸ್ಸಿನ ಒಡೆತನವಿದ್ದ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಮತ್ತು ರ್ಯಾಲೆ ಒಂದಾದವು. ಆಮೇಲೆ ಅಲ್ಲಿ ಎರಡೂ ಹೆಸರುಗಳು ಒಂದೇ ಮನೆಯವು. ನಾನು ಬಿಲ್ಲೆಯಲ್ಲಿ ಓದುತ್ತಿದ್ದ ಮೇಲು ಕೀಳನ್ನು ಅವರೇ ಅಲ್ಲಿ ಬಿಟ್ಟಾಗಿತ್ತು. ನಾನು ಮಾತ್ರ ಜೀಡಿಮೆಟ್ಲಾದಲ್ಲಿ ಹಿಡಿದುಕೊಂಡು ಕೂತಿದ್ದೆ.

‘ವಿಂಟೇಜ್’ ಎನ್ನುವ ಪದವೂ ಹೀಗೇ ಅಲೆದು ಬಂದದ್ದು. ಮೂಲದಲ್ಲಿ ಅದು ದ್ರಾಕ್ಷಿಯ ಕೊಯ್ಲಿಗೆ ಸಂಬಂಧಿಸಿದ ಮಾತು. ಯಾವ ವರ್ಷದ ಬೆಳೆಯಿಂದ ಇಳಿಸಿದ ಮದ್ಯ ಎಂದು ಹೇಳಲು ಬಳಸುತ್ತಿದ್ದರು. ಆ ಅರ್ಥದಲ್ಲಿ ರ್ಯಾಲೆಗೆ ಅದು ಒಪ್ಪುತ್ತದೆ. ಸ್ಟರ್ಮಿ-ಆರ್ಚರ್ ಹಬ್ಬುಗಳ ಮೈಮೇಲೆ ವರ್ಷ, ತಿಂಗಳು ಒತ್ತಿರುತ್ತಾರೆ. ಇದರಲ್ಲಿ 58 ಮತ್ತು 7 ಎಂದಿತ್ತು. ಅಂದರೆ 1958ರ ಜುಲೈ. ಹರ್ಕ್ಯುಲಿಸ್ಸಿನ ಮೇಲೆ ಅಂಥ ಗುರುತಿಲ್ಲ. ಯಜಮಾನರಿಗೆ ನೆನಪಿರುವಂತೆ 1974ರ ಬೋನಸ್ಸಿನಲ್ಲಿ ಕೊಂಡದ್ದು. ಹ್ಯಾಂಡಲ್ಲಿನ ಕೆಳಗೆ ದೀಪ ಸಿಕ್ಕಿಸುವ ಜಾಗದಲ್ಲಿ ಸೈಕಲ್ ತೆರಿಗೆ ಕಟ್ಟಿದ್ದಕ್ಕೆ ಕೊಡುತ್ತಿದ್ದ ಲೋಹದ ಬಿಲ್ಲೆಯೊಂದು ಇನ್ನೂ ನೇತಾಡುತ್ತಿತ್ತು, ಅಕ್ಷರ ಸವೆದಿತ್ತು. ಒಂದರ ವಯಸ್ಸನ್ನು ಕಾರ್ಖಾನೆ ಬರೆದಿದೆ, ಇನ್ನೊಂದರದ್ದನ್ನು ಓಡಿಸಿದವರು ಹೇಳಬೇಕು.

ಇನ್ನು ಓದು. ಮೊದಲು ಎರಡನ್ನೂ ಶಾಪೂರ್‌ನಗರದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ರ್ಯಾಲೆ ಹದಿನೇಳು ಕಿಲೋ, ಹರ್ಕ್ಯುಲಿಸ್ ಇಪ್ಪತ್ತೆರಡು. ಗುಜರಿಯವನು ಎರಡನ್ನೂ ಒಂದೇ ದರದಲ್ಲಿ ಲೆಕ್ಕ ಹಾಕಿ, ‘ಕಪ್ಪು ಸೈಕಲ್ಲಿಗೇ ಜಾಸ್ತಿ ಬರುತ್ತೆ’ ಎಂದ. ನಾನು ಕಂಡ ವಿಮರ್ಶಕರಲ್ಲಿ ಇವನಷ್ಟು ನಿಷ್ಪಕ್ಷಪಾತಿ ಬೇರೆ ಯಾರೂ ಇಲ್ಲ.

ಮೊದಲ ವಾರ ರ್ಯಾಲೆ. ಇದು ಒಳ್ಳೆಯ ಸೈಕಲ್ಲು, ಇದರಲ್ಲಿ ಎರಡು ಮಾತಿಲ್ಲ. ಹೈದರಾಬಾದು ಬಂಡೆಗಳ ಮೇಲೆ ಕೂತ ಊರು. ಬಸ್ಸಿನಲ್ಲಿ ಕೂತವರಿಗೆ ಸಪಾಟಾಗಿ ಕಾಣುವ ರಸ್ತೆ ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಏರಾಗುತ್ತದೆ. ಅಲ್ಲಿ ಈ ಮೂರು ಗೇರು ಬಹಳ ದೊಡ್ಡ ಉಪಕಾರ. ಹಲ್ಲು ಎಣಿಸಿ ಲೆಕ್ಕ ಹಾಕಿದೆ: ಮುಂದೆ 46, ಹಿಂದೆ 18. ಎರಡನೇ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು 5.3 ಮೀಟರ್ ಹೋಗುತ್ತದೆ. ಮೊದಲ ಗೇರಿನಲ್ಲಿ ನಾಲ್ಕು, ಮೂರನೆಯದರಲ್ಲಿ ಏಳು. ಏರಿನಲ್ಲಿ ಮೊದಲನೆಯದಕ್ಕೆ ತಂದರೆ ಐವತ್ತು ದಾಟಿದ ಮೊಣಕಾಲು ಕೂಡ ಗೊಣಗುವುದಿಲ್ಲ. ಗೇರುಗಳೆಲ್ಲ ಹಬ್ಬಿನ ಒಳಗೆ ಇರುವುದರಿಂದ ದೂಳು, ಕೆಸರು ತಾಗುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಸಾಕು. ಹ್ಯಾಂಡಲ್ಲು ಬೆರಳಿನ ಮಾತು ಕೇಳುತ್ತದೆ. ಗುಂಡಿ ತಪ್ಪಿಸುವುದು ಸುಲಭ. ಬ್ರೇಕು ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ.

ಸೋಮವಾರ ಕಾರ್ಖಾನೆಯ ಗೇಟಿಗೆ ಹೋದಾಗ ಸೆಕ್ಯುರಿಟಿಯವನು ಸಲಾಮು ಹೊಡೆದು ಸಿಬ್ಬಂದಿಯ ಪಾರ್ಕಿಂಗಿಗೆ ಬಿಟ್ಟ. ಹತ್ತು ನಿಮಿಷದಲ್ಲಿ ಮೇಲಿನ ಅಂತಸ್ತಿನಿಂದ ಇಬ್ಬರು ಇಳಿದು ಬಂದು ಫೋಟೋ ತೆಗೆದುಕೊಂಡರು. ಒಬ್ಬರು, ‘ಹೊರ ವರ್ತುಲ ರಸ್ತೆಯ ಸೈಕಲ್ ಟ್ರ್ಯಾಕಿಗೆ ತನ್ನಿ, ಭಾನುವಾರ ನಾವೆಲ್ಲ ಅಲ್ಲೇ ಇರ್ತೀವಿ’ ಎಂದು ಇಂಗ್ಲಿಷಿನಲ್ಲಿ ಕರೆದರು. 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾದ ಆ ಟ್ರ್ಯಾಕು 23 ಕಿಲೋಮೀಟರ್ ಉದ್ದ, ಮೇಲೆ ಸೌರಫಲಕಗಳ ಚಾವಣಿ. ಚೆನ್ನಾಗಿದೆ. ಅಲ್ಲಿಗೆ ಹೋಗಬೇಕಾದರೆ ನನ್ನಂಥವನು ಸೈಕಲ್ಲನ್ನು ಯಾವುದಾದರೂ ವಾಹನದ ಮೇಲೆ ಹೇರಬೇಕು. ಆದರೂ ಆ ದಿನ ನನಗೆ ಸಂತೋಷವಾಗಿತ್ತು. ನಾಲ್ಕು ತಿಂಗಳ ನಂತರ ನಾನು ಏನನ್ನೋ ಕಳೆದುಕೊಂಡವನ ಹಾಗಲ್ಲ, ಏನನ್ನೋ ಕಂಡುಕೊಂಡವನ ಹಾಗೆ ಆಫೀಸಿನೊಳಗೆ ಹೋದೆ.

ಗುರುವಾರ ಸಂಜೆ ಶಾಪೂರ್‌ನಗರದ ಹತ್ತಿರ ಸಿಗ್ನಲ್ ಬಿಟ್ಟಿತು. ಹಿಂದೆ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು. ಬೇಗ ದಾಟೋಣವೆಂದು ಸೀಟಿನಿಂದ ಎದ್ದು ಮೈಯ ಭಾರವೆಲ್ಲ ಪೆಡಲ್ ಮೇಲೆ ಹಾಕಿದೆ. ಪೆಡಲ್ ಸುಮ್ಮನೆ ಕೆಳಗೆ ಹೋಯಿತು. ಹಿಡಿತವೇ ಇಲ್ಲ, ಖಾಲಿ. ಅಡ್ಡ ಪಟ್ಟಿಯ ಮೇಲೆ ಬಿದ್ದು, ಎಡಗಾಲು ನೆಲಕ್ಕೆ ಸಿಕ್ಕಿ ಹೇಗೋ ನಿಂತೆ. ಟ್ಯಾಂಕರಿನ ಮುಂದಿನ ಚಕ್ರ ನನ್ನ ಬಲಗಡೆ ಒಂದು ಮೊಳ ದೂರದಲ್ಲಿ ಉಸ್ಸೆಂದು ನಿಂತಿತು. ಚಾಲಕ ಬೈಯಲೂ ಇಲ್ಲ. ಕೈಯಿಂದ ‘ಹೋಗು’ ಎಂದ.

ಇದು ಸೈಕಲ್ಲಿನ ದೋಷ ಎನ್ನಲಾರೆ, ನಾನು ಅದನ್ನು ಪೂರ್ತಿ ಓದಿರಲಿಲ್ಲ. ಆ ಜಾತಿಯ ಹಬ್ಬಿನಲ್ಲಿ ಎರಡನೇ ಮತ್ತು ಮೂರನೇ ಗೇರಿನ ನಡುವೆ ಯಾವುದೂ ಹಿಡಿಯದ ಒಂದು ಖಾಲಿ ಜಾಗವಿದೆ. ಬಲಗಡೆಯ ನಟ್ಟಿನಿಂದ ಒಂದು ಸಣ್ಣ ಸರಪಳಿ ಹೊರಬಂದು ಕೇಬಲ್ಲಿಗೆ ಸೇರುತ್ತದೆ. ಎರಡನೇ ಗೇರಿನಲ್ಲಿದ್ದಾಗ ಆ ಸರಪಳಿ ಕೂತ ಕಡ್ಡಿಯ ತುದಿ ಅಚ್ಚಿನ ತುದಿಗೆ ಸರಿಸಮವಾಗಿರಬೇಕು; ನಟ್ಟಿನ ತೂತಿನಲ್ಲಿ ಇಣುಕಿದರೆ ಕಾಣುತ್ತದೆ. ಕೇಬಲ್ಲು ಸ್ವಲ್ಪ ಸಡಿಲಾದರೂ, ಬಿಗಿಯಾದರೂ ಈ ಲೆಕ್ಕ ತಪ್ಪುತ್ತದೆ. ಆಗ ಜೋರಾಗಿ ತುಳಿದರೆ ಗೇರು ಆ ಖಾಲಿಗೆ ಜಾರುತ್ತದೆ. ಆರು ದಶಕದ ಹಳೆಯ ಸರಪಳಿಯ ಕೊಂಡಿಗಳು ಸವೆದಿದ್ದವು.

ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿಯ ಚಾಚಾ ಇದ್ದಾರೆ. ನೀಲಿ ಟಾರ್ಪಾಲಿನ ಕೆಳಗೆ ಪಂಪು, ನೀರಿನ ತೊಟ್ಟಿ, ಒಂದು ಮರದ ಪೆಟ್ಟಿಗೆ. ಅವರು ಹಬ್ಬನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಬಾಲ್ಯದಲ್ಲಿ ಒಮ್ಮೆ ಇಂಥದ್ದನ್ನು ಬಿಚ್ಚಿದ ನೆನಪು ಹೇಳಿದರು. ಕೊನೆಗೆ, ‘ಇಸ್ಕಾ ಪುರ್ಜಾ ಇಧರ್ ನೈ ಮಿಲ್ತಾ ಸಾಬ್’ ಎಂದರು. ಟೈರು, ಟ್ಯೂಬು ಸಿಗುತ್ತವೆ. ಹೆಣ್ಣುಮಕ್ಕಳ ಸೈಕಲ್ಲಿಗೆ ಹಾಕುವ ಅದೇ ಅಳತೆ. ಬ್ರೇಕಿನ ರಬ್ಬರು, ಕಡ್ಡಿ, ಚೈನು ಸಿಗುತ್ತವೆ. ಈ ಸರಪಳಿ ಸಿಗುವುದಿಲ್ಲ. ಪೆಡಲ್ಲಿನ ಅಚ್ಚು ಕೂರುವ ಕಪ್ಪು ಸವೆದರೆ ಅದೂ ಸಿಗುವುದಿಲ್ಲ, ಏಕೆಂದರೆ ನಮ್ಮ ಸಾಮಾನ್ಯ ಸೈಕಲ್ಲುಗಳ ಕಪ್ಪಿನ ಥ್ರೆಡ್ಡು ಇಂಚಿಗೆ 24, ನಾಟಿಂಗ್‌ಹ್ಯಾಮಿನ ರ್ಯಾಲೆಯದು 26. ಹತ್ತಿರ ಹತ್ತಿರ ಇದೆ. ಆ ಕಾರಣಕ್ಕೇ ಗೊತ್ತಿಲ್ಲದವರು ತಿರುಗಿಸಿ ಕೂರಿಸಲು ಹೋಗಿ ಚೌಕಟ್ಟನ್ನೇ ಹಾಳು ಮಾಡುತ್ತಾರೆ.

ಈ 24, 26ರ ವಿಷಯವನ್ನು ಹರ್ಕ್ಯುಲಿಸ್ ಯಜಮಾನರಿಗೆ ಹೇಳಿದೆ. ಅವರು ಇಡೀ ಜೀವಮಾನ ಲೋಹ ಕೊರೆದವರು. ‘ಆ ಕಪ್ಪು ಮಾಡೋದು ಏನ್ ಕಷ್ಟ ರೀ? ಲೇತ್ ಮೇಲೆ ಅರ್ಧ ದಿನದ ಕೆಲಸ. ಆದ್ರೆ ಒಂದು ಕಪ್ಪಿಗೋಸ್ಕರ ಯಾರು ಲೇತ್ ಸೆಟ್ ಮಾಡ್ತಾರೆ?’ ಎಂದರು. ಈ ಪ್ರಶ್ನೆಗಿಂತ ಒಳ್ಳೆಯ ವಿಮರ್ಶಾಸೂತ್ರ ನನಗೆ ಈ ವರ್ಷ ಸಿಕ್ಕಿಲ್ಲ. ಒಂದು ವಸ್ತು ಎಷ್ಟು ಚೆನ್ನಾಗಿದೆ ಎನ್ನುವುದರ ಜೊತೆಗೆ, ಅದು ಮುರಿದಾಗ ನಿನ್ನ ಬೀದಿಯಲ್ಲಿ ಅದು ಯಾರಿಗೆ ಅರ್ಥವಾಗುತ್ತದೆ ಎಂದೂ ಕೇಳಬೇಕು.

ಎರಡನೇ ವಾರ ಹರ್ಕ್ಯುಲಿಸ್. ಇದರ ದೋಷಗಳನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಈ ಸೈಕಲ್ಲಿನ ಬಗ್ಗೆ ಬರೆಯುವವರೆಲ್ಲ ಅಪ್ಪನ ನೆನಪಿನಲ್ಲಿ ಕಣ್ಣು ಒದ್ದೆ ಮಾಡಿಕೊಂಡು ದೋಷ ನೋಡುವುದೇ ಇಲ್ಲ. ಇದು ಭಾರ. ಮೂರನೇ ಮಹಡಿಗೆ ಹೊತ್ತೊಯ್ಯುವ ಮಾತೇ ಇಲ್ಲ. ಹ್ಯಾಂಡಲ್ಲು ನಿಧಾನವಾಗಿ ತಿರುಗುತ್ತದೆ. ಇಕ್ಕಟ್ಟಿನಲ್ಲಿ ಎತ್ತಿನ ಗಾಡಿ ತಿರುಗಿಸಿದ ಹಾಗೆ ಮೊದಲೇ ಯೋಚಿಸಬೇಕು. ಗೇರು ಒಂದೇ. ಏರಿನಲ್ಲಿ ಎದ್ದು ತುಳಿಯಬೇಕು, ಇಲ್ಲವೇ ಇಳಿದು ತಳ್ಳಬೇಕು. ಮಳೆಯಲ್ಲಿ ರಾಡ್ ಬ್ರೇಕು ಪೂರ್ತಿ ಒತ್ತಿದ ಮೇಲೂ ಸೈಕಲ್ಲು ಸ್ವಲ್ಪ ಹೊತ್ತು ತನ್ನ ಇಷ್ಟದ ಪ್ರಕಾರ ಹೋಗುತ್ತದೆ. ರ್ಯಾಲೆಯದೂ ಉಕ್ಕಿನ ರಿಮ್ಮೇ ಆದ್ದರಿಂದ ಮಳೆಯಲ್ಲಿ ಅದೂ ಸಾಧುವಲ್ಲ. ಆದರೆ ಇದು ಇನ್ನೂ ಒಂದು ಕೈ ಮೇಲು.

ಈಗ ಗುಣ. ಇದರ ಹಲ್ಲುಗಳನ್ನೂ ಎಣಿಸಿದೆ: ಮುಂದೆ 44, ಹಿಂದೆ 18. ದೊಡ್ಡ ಚಕ್ರ ಸೇರಿಸಿ ಲೆಕ್ಕ ಹಾಕಿದರೆ ಪೆಡಲ್ಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್. ಅಂದರೆ ಎರಡನೇ ಗೇರಿನಲ್ಲಿರುವ ರ್ಯಾಲೆ ಮತ್ತು ಹರ್ಕ್ಯುಲಿಸ್ ಹೆಚ್ಚುಕಡಿಮೆ ಒಂದೇ. ನಾನು ಬರೆದಿಟ್ಟುಕೊಂಡ ಪ್ರಕಾರ ಆ ವಾರ ನನ್ನ ದಾರಿಯಲ್ಲಿ ಎರಡನೇ ಗೇರು ಬಿಟ್ಟು ಬೇರೆಯದು ಬೇಕಾದ ಜಾಗಗಳು ಎರಡೇ. ಅಗಲ ಟೈರು, ಹಿಂದಕ್ಕೆ ಒರಗಿದ ಮುಂದಿನ ಫೋರ್ಕು ಗುಂಡಿಯ ಪೆಟ್ಟನ್ನು ನುಂಗುತ್ತವೆ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕವನ್ನು ಹಿಡಿಯದೆ ಒಳಮೈಯನ್ನು ಒತ್ತುವುದರಿಂದ, ಚಕ್ರ ಸ್ವಲ್ಪ ಸೊಟ್ಟಗಾದರೂ ಉಜ್ಜುವುದಿಲ್ಲ. ಮನೆಗೆ ತಂದು ಮುಟ್ಟಿಸುತ್ತದೆ. ಕ್ಯಾರಿಯರ್ ಮೇಲೆ ಇಪ್ಪತ್ತೈದು ಕಿಲೋ ಅಕ್ಕಿಯ ಚೀಲ ತಂದೆ, ಸೈಕಲ್ಲಿಗೆ ಗೊತ್ತೇ ಆಗಲಿಲ್ಲ. ಬುಧವಾರ ಕಾಟರ್ ಪಿನ್ನು ಸಡಿಲಾಗಿ ಪೆಡಲ್ಲು ಟಕ್ ಟಕ್ ಎನ್ನತೊಡಗಿತು. ಚಾಚಾ ಪೆಟ್ಟಿಗೆಯಲ್ಲಿ ಕೈಯಾಡಿಸಿ ಒಂದು ಪಿನ್ನು ತೆಗೆದು, ಸುತ್ತಿಗೆಯಲ್ಲಿ ನಾಲ್ಕು ಹೊಡೆದು, ನಟ್ಟು ಬಿಗಿದು, ಮೂವತ್ತು ರೂಪಾಯಿ ತೆಗೆದುಕೊಂಡರು. ನಾನು ಕುಡಿಯುತ್ತಿದ್ದ ಚಹಾ ಇನ್ನೂ ಬಿಸಿ ಇತ್ತು.

ಇಷ್ಟೇ ಆಗಿದ್ದರೆ ಲೆಕ್ಕ ಹಾಕಿ ಮುಗಿಸಬಹುದಿತ್ತು. ಆದರೆ ಆ ವಾರದ ಸೋಮವಾರದ ಮಾತು ಹೇಳಬೇಕು. ಹರ್ಕ್ಯುಲಿಸ್ ತುಳಿದುಕೊಂಡು ಗೇಟಿಗೆ ಹೋದೆ. ಅದೇ ಗೇಟು, ಅದೇ ಸೆಕ್ಯುರಿಟಿ. ಅವನು ನನ್ನ ಮುಖ ನೋಡಲಿಲ್ಲ. ಸೈಕಲ್ಲು ನೋಡಿ, ಕೈ ಚಾಚಿ, ಹಿಂದಿನ ಗೇಟಿನ ಕಡೆ ತೋರಿಸಿದ. ಗುತ್ತಿಗೆಯ ಕೆಲಸಗಾರರ ಗೇಟು ಅದು. ‘ನಾನು ಸ್ಟೋರ್ಸಿನವನಪ್ಪಾ’ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಹಿಂದಿನ ಗೇಟಿಗೇ ಹೋದೆ.

ಅಲ್ಲಿ ತಗಡಿನ ಚಾವಣಿಯ ಕೆಳಗೆ ಇಪ್ಪತ್ತು ಮೂವತ್ತು ಸೈಕಲ್ಲು ನಿಂತಿದ್ದವು. ಅರ್ಧಕ್ಕರ್ಧ ಇದೇ ಥರದ ಕಪ್ಪು ಸೈಕಲ್ಲುಗಳು. ಹರ್ಕ್ಯುಲಿಸ್, ಅಟ್ಲಾಸ್, ಹೀರೋ. ಕೆಲವು ನನ್ನದಕ್ಕಿಂತ ಹಳೆಯವು. ಅವನ್ನು ಯಾರೂ ವಿಂಟೇಜ್ ಎಂದು ಕರೆಯುವುದಿಲ್ಲ, ಏಕೆಂದರೆ ಅವುಗಳ ಕೆಲಸ ಇನ್ನೂ ಮುಗಿದಿಲ್ಲ. ಸ್ಟ್ಯಾಂಡ್ ಹಾಕುತ್ತಾ ಕಾಲಿಗೆ ಪೆಡಲ್ ತಾಗಿ ‘ಅಯ್ಯಪ್ಪಾ’ ಎಂದೆ. ಪಕ್ಕದಲ್ಲಿದ್ದ ಹುಡುಗ ತಿರುಗಿದ.

‘ಸಾರ್, ನೀವ್ ಕನ್ನಡದೋರೇನ್ರಿ?’

ಯಾದಗಿರಿ ಜಿಲ್ಲೆಯವನು. ಅವನ ಜೊತೆ ಸೇಡಂ ಕಡೆಯವರು ಇಬ್ಬರು, ಗುರುಮಠಕಲ್‌ನವನೊಬ್ಬ. ಇದೇ ಆವರಣದಲ್ಲಿ ಎರಡು ವರ್ಷದಿಂದ ಇದ್ದಾರಂತೆ. ಹದಿನೆಂಟು ವರ್ಷದಿಂದ ಅದೇ ಆವರಣದಲ್ಲಿ ಇದ್ದು, ಹೊರನಾಡಿನಲ್ಲಿ ಕನ್ನಡ ಉಳಿಯುವುದು ಹೇಗೆ ಎಂದು ಇದೇ ಪತ್ರಿಕೆಯಲ್ಲಿ ಎರಡು ಸಲ ಬರೆದ ನನಗೆ ಇದು ಗೊತ್ತಿರಲಿಲ್ಲ. ನಾನು ಮುಂದಿನ ಗೇಟಿನಿಂದ ಬರುತ್ತಿದ್ದೆ.

‘ಇದು ವಿಂಟೇಜ್ ಸೈಕಲ್ಲು, ಐವತ್ತು ವರ್ಷ ಆಗಿದೆ’ ಎಂದು ನಾನು ಮಾತು ಬೆಳೆಸಲು ಹೇಳಿದೆ. ಹುಡುಗ ತನ್ನದನ್ನು ತೋರಿಸಿ ನಕ್ಕ. ‘ನಮ್ಮ ಕಾಕಾಂದು ಸಾರ್ ಇದು. ಹಳೀ ಸೈಕಲ್ ಅದ, ಅಷ್ಟೇ.’

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಗೆಳೆಯರಿಗೆ ನಾನು ‘ವಿಂಟೇಜ್’ ಎಂದದ್ದು ಸೈಕಲ್ಲಿನ ವಯಸ್ಸನ್ನು ಹೇಳಲಲ್ಲ. ಗಾಡಿ ಮಾರಿದ್ದನ್ನು ಮುಚ್ಚಲು. ಐವತ್ತೆರಡು ವರ್ಷದ ಮನುಷ್ಯ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದರೆ ಪಾಪ ಎನ್ನುತ್ತಾರೆ. ಅವನೇ ರ್ಯಾಲೆಯ ಮೇಲೆ ಹೋದರೆ ಅಭಿರುಚಿ ಎನ್ನುತ್ತಾರೆ. ಒಂಬತ್ತು ಸಾವಿರದಲ್ಲಿ ಆರೂವರೆ ಸಾವಿರ ನಾನು ಆ ಪದಕ್ಕೆ ಕೊಡಲು ಹೊರಟಿದ್ದೆ. ಹೆಂಡತಿಗೆ ಇದು ಮೊದಲ ದಿನವೇ ಗೊತ್ತಾಗಿತ್ತು ಎಂದು ಈಗ ಅನಿಸುತ್ತದೆ. ಸೌಟು ಹಿಡಿದು ನಿಂತದ್ದು ಅದಕ್ಕೇ.

ಡಿ ಸಿಕಾನ 1948ರ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ ಇರಲೇಬೇಕು. ಒತ್ತೆಯಿಟ್ಟ ಸೈಕಲ್ಲು ಬಿಡಿಸಲು ಹೆಂಡತಿ ಮನೆಯ ಹಾಸಿಗೆ ಹೊದಿಕೆಗಳನ್ನು ಒತ್ತೆಯಿಡುತ್ತಾಳೆ. ಆ ಸೈಕಲ್ಲು ಕಳುವಾದಾಗ ನಮಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಅದು ಸುಂದರವಾಗಿದೆ ಎಂದಲ್ಲ, ಅದಿಲ್ಲದೆ ಸೋಮವಾರ ಇಲ್ಲ ಎಂದು. ಅಂಥದ್ದೇ ಸೈಕಲ್ಲು ಇವತ್ತು ಕಾಫಿ ಅಂಗಡಿಯ ಗೋಡೆಯ ಮೇಲೆ ಚೈನಿಲ್ಲದೆ ತೂಗುತ್ತದೆ. ಅದರ ಕೆಳಗೆ ಕೂತು ನಾನೂ ಕಾಫಿ ಕುಡಿದಿದ್ದೇನೆ, ಯಾರನ್ನೂ ದೂರುವುದಿಲ್ಲ. ಆದರೆ ಗೋಡೆಗೆ ಹೋದ ಮೇಲೆ ಅದನ್ನು ಸೈಕಲ್ಲು ಎಂದು ವಿಮರ್ಶೆ ಮಾಡಲು ಬರುವುದಿಲ್ಲ.

ತೀರ್ಪು ಕೇಳುವವರಿಗೆ: ಎರಡರಲ್ಲಿ ಉತ್ತಮ ಸೈಕಲ್ಲು ರ್ಯಾಲೆ. ಓಡಿಸುವ ಸುಖ, ಏರಿನಲ್ಲಿ ನೆರವು, ಕೆಲಸದ ನಯ, ಎಲ್ಲದರಲ್ಲೂ. ನಿಮಗೆ ಸ್ವಂತ ಪಾನಾ, ಸ್ವಲ್ಪ ತಾಳ್ಮೆ, ಸೈಕಲ್ಲು ನಿಂತ ದಿನ ಹೋಗಲು ಇನ್ನೊಂದು ಗಾಡಿ ಇದ್ದರೆ ಅದನ್ನೇ ಕೊಳ್ಳಿ. ಕೆಲಸಕ್ಕೆ ಇರುವುದು ಇದೊಂದೇ ಎಂದಾದರೆ ಹರ್ಕ್ಯುಲಿಸ್ ಕೊಳ್ಳಿ. ಯಾವುದನ್ನೇ ಕೊಂಡರೂ ಬಣ್ಣ ನೋಡಬೇಡಿ. ಮುಂದಿನ ಫೋರ್ಕಿನ ಹತ್ತಿರ, ಚೌಕಟ್ಟಿನ ಪೈಪುಗಳ ಕೆಳಗಡೆ ಬಣ್ಣ ಸುಕ್ಕಾಗಿದೆಯೇ ಎಂದು ಬೆರಳಾಡಿಸಿ. ಸುಕ್ಕಿದ್ದರೆ ಎಲ್ಲೋ ಜೋರಾಗಿ ಗುದ್ದಿದೆ. ಪೆಡಲ್ಲಿನ ತೋಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಚೈನಿನ 24 ಕೊಂಡಿ ಅಳೆಯಿರಿ, ಸರಿಯಾಗಿ 12 ಇಂಚು ಇರಬೇಕು. ಒಂದು ಇಂಚಿನ ಎಂಟನೇ ಒಂದು ಭಾಗ ಹೆಚ್ಚಿದ್ದರೂ ಚೈನು ಬದಲಿಸಿ. ಮೂರು ಗೇರಿನದಾದರೆ, ಎದ್ದು ತುಳಿಯುವ ಮುಂಚೆ ಆ ಸಣ್ಣ ಸರಪಳಿ ನೋಡಿ. ಇದನ್ನು ದಯವಿಟ್ಟು ಮರೆಯಬೇಡಿ.

ನಾನು ಹರ್ಕ್ಯುಲಿಸ್ ಕೊಂಡೆ. ಬೊಲಾರಂನ ಅಮ್ಮನವರಿಗೆ ರ್ಯಾಲೆ ವಾಪಸು ಕೊಟ್ಟು, ಸರಪಳಿಯ ವಿಷಯ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಕಟ್ಟಿ ಬಂದೆ. ಯಜಮಾನರು ಬೆಂಗಳೂರಿಗೆ ಹೊರಡುವ ಮುನ್ನ ಒಂದು ಸಂಜೆ ಬಂದು, ಸೈಕಲ್ಲು ನನ್ನ ಮನೆಯ ಮುಂದೆ ಕೆಸರಾಗಿ ನಿಂತಿದ್ದನ್ನು ನೋಡಿ, ಒರೆಸಿ ಎಂದೂ ಹೇಳದೆ ಹೋದರು. ಅವರ ಮುಖದಲ್ಲಿ ಸಮಾಧಾನವಿತ್ತು.

ಈಗ ನಾನು ಹಿಂದಿನ ಗೇಟಿನಿಂದಲೇ ಹೋಗುತ್ತೇನೆ. ಸೆಕ್ಯುರಿಟಿಯವನಿಗೆ ಆಮೇಲೆ ನಾನು ಯಾರೆಂದು ಗೊತ್ತಾಗಿ ಮುಂದಿನ ಗೇಟು ತೆರೆದ, ನಾನೇ ಬೇಡವೆಂದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ; ತಗಡಿನ ಚಾವಣಿಯ ಕೆಳಗೆ ನೆರಳಿದೆ, ಬೆಳಿಗ್ಗೆ ಹತ್ತು ನಿಮಿಷ ಕನ್ನಡ ಇದೆ. ಹುಡುಗನಿಗೆ ಓದಲು ಏನಾದರೂ ಬೇಕಂತೆ, ಮನೆಯಿಂದ ಎರಡು ಪುಸ್ತಕ ಒಯ್ದು ಕೊಟ್ಟಿದ್ದೇನೆ. ತೊಂದರೆ ಎಂದರೆ ಒಂದೇ. ಸಂಜೆ ಪಾಳಿ ಬಿಟ್ಟಾಗ ಅಷ್ಟು ಕಪ್ಪು ಸೈಕಲ್ಲುಗಳ ನಡುವೆ ನನ್ನದು ಯಾವುದು ಎಂದು ತಿಳಿಯುವುದಿಲ್ಲ. ಬಗ್ಗಿ, ಹ್ಯಾಂಡಲ್ಲುಗಳ ಕೆಳಗೆ ಕೈಯಾಡಿಸುತ್ತಾ ಹೋಗುತ್ತೇನೆ, ಆ ಅಕ್ಷರ ಸವೆದ ಬಿಲ್ಲೆ ಬೆರಳಿಗೆ ಸಿಗುವವರೆಗೆ.